ಮರಕ್ಕೆ ಇಸ್ತ್ರಿ ಹಾಕಿದ ಮಿಷನ್ನು

ನಾನು ಮೊಟ್ಟಮೊದಲು ಕೈಯಾಡಿಸಿದ ಗರಗಸದ ಮಿಷನ್ನು ಮರ ಕುಯ್ಯಲಿಲ್ಲ, ನೆಕ್ಕಿತು. ಐದು ನಿಮಿಷ ಹೊಗೆಯೆಬ್ಬಿಸಿಕೊಂಡು ನೆಕ್ಕಿ ನೆಕ್ಕಿ ಬೇವಿನ ತುಂಡಿನ ಮೇಲೆ ಕಪ್ಪನೆಯ ಹೊಳಪು ಬಿಟ್ಟಿತು. ಬೇಕೆಂದವರು ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು.

ಪಕ್ಕದಲ್ಲಿದ್ದ ಮಾವ ಬಗ್ಗಿ ಆ ಹೊಳಪನ್ನು ಬೆರಳಿನಿಂದ ಸವರಿದರು. "ಅಳಿಯ, ಮರಕ್ಕೆ ಇಸ್ತ್ರಿ ಹಾಕ್ತಾ ಇದ್ದೀಯೇನೋ? ಹಂಗಾದ್ರೆ ತಡಿ, ಮನಿಯಿಂದ ನನ್ನ ಪಂಚೆ ತರ್ತೀನಿ."

ಚೈನನ್ನು ನಾನು ಉಲ್ಟಾ ಕೂರಿಸಿದ್ದೆ. ಹಲ್ಲುಗಳೆಲ್ಲ ಹಿಂದಕ್ಕೆ ಮುಖ ಮಾಡಿಕೊಂಡು, ಮರಕ್ಕೆ ಬೆನ್ನು ಉಜ್ಜಿ ಸ್ನಾನ ಮಾಡಿಸುತ್ತಿದ್ದವು.

ಎಂಬತ್ತರ ದಶಕದ ನಡುವಿನ ಮಾತು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೊಪೆಡ್ ರಿಪೇರಿ ಅಂಗಡಿ ಇತ್ತು. ನನಗೆ ಇಪ್ಪತ್ತೆರಡು ವರ್ಷ, ಗೊತ್ತಿಲ್ಲ ಅನ್ನುವ ಪದ ಇನ್ನೂ ಕಲಿತಿರಲಿಲ್ಲ. ಮಾವ ಅಂದರೆ ಸಂಬಂಧದ ಮಾವ ಅಲ್ಲ. ನಲ್ಲೂರಿನವರು, ನಮ್ಮಪ್ಪನ ಸ್ನೇಹಿತರು, ಹಾಗೆ ಕರೆದು ರೂಢಿ. ಮೂವತ್ತು ವರ್ಷ ಊರೂರು ತಿರುಗಿ ಗರಗಸ ಎಳೆದು ದಿಮ್ಮಿಗಳನ್ನು ಹಲಗೆ ಮಾಡಿದ್ದವರು. ಆ ವರ್ಷ ಅವರ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ಏಳುತ್ತಿರಲಿಲ್ಲ. ತುತ್ತು ತಿನ್ನಲು ತಲೆಯನ್ನೇ ಕೈಯ ಹತ್ತಿರ ತರುತ್ತಿದ್ದರು. ಅಂಗಿ ತೊಡಿಸಲು ಅತ್ತೆ ಬೇಕಾಗಿತ್ತು.

ಯಾವುದೋ ಕಾಫಿ ತೋಟದವರು ಹಳೆಯದೆಂದು ಮಾರಿದ ಆ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅವರು ನನ್ನಲ್ಲಿಗೆ ಬಂದಿದ್ದರು. ಹೊನ್ನಾಳಿಯಲ್ಲಿ ಮರದ ಡಿಪೋ ಇಟ್ಟಿದ್ದ ಸಾಹುಕಾರರು ನ್ಯಾಮತಿ ಕಡೆ ಒಂದು ನೀಲಗಿರಿ ತೋಪು ಹಿಡಿದಿದ್ದರು. "ಮಿಷನ್ ತಂದು ನನ್ನ ಕಣ್ಮುಂದೆ ಕುಯ್ದು ತೋರ್ಸು, ಕೆಲಸ ನಿಂದು. ಎಂಟು ದಿನ ಕಾಯ್ತೀನಿ. ಆಮೇಲೆ ಶಿವಮೊಗ್ಗದೋರನ್ನ ಕರೆಸ್ತೀನಿ" ಎಂದು ಹೇಳಿ ಕಳಿಸಿದ್ದರು. ಆ ಕೆಲಸ ಸಿಕ್ಕರೆ ಮಾವ ಮರದ ಜೊತೆ ಉಳಿಯುತ್ತಾರೆ. ಸಿಗದಿದ್ದರೆ ಊರಿನ ಅಕ್ಕಿ ಗಿರಣಿಯ ಬಾಗಿಲಲ್ಲಿ ಕಾವಲು ಕೂರಬೇಕು. ಗಿರಣಿಯವರು ಕುರ್ಚಿಯನ್ನೂ ತೋರಿಸಿದ್ದರಂತೆ. "ಕೈ ಇರೋ ಕುರ್ಚಿ ಕಣೋ. ನನ್ನ ಕೈಗಿಂತ ಅದರ ಕೈಯೇ ಗಟ್ಟಿ ಐತೆ" ಎಂದು ಮಾವ ನಗಾಡಿದರು. ನಗು ಬೇಗ ನಿಂತಿತು.

ಚೈನ್ ತಿರುಗಿಸಿ ಹಾಕಿದ ಮೇಲೆ ಮಿಷನ್ನು ಮರ ಕುಯ್ಯಿತು. ಬುದ್ಧಿ ಇದ್ದವನು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದ. ನಾನು ಸೈಲೆನ್ಸರಿಗೆ ಮೂರು ತೂತು ಕೊರೆದೆ. ಮೊಪೆಡ್ ಹುಡುಗರು ನನ್ನ ಅಂಗಡಿಗೆ ಬರುತ್ತಿದ್ದುದೇ ಆ ತೂತಿಗಾಗಿ. ಆಮೇಲೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಸದ್ದು ಸಣ್ಣಗಾಗಿ, ಚೂಪಾಗಿ ಏರಿತು. ಎಷ್ಟು ಚೆಂದ ಇತ್ತೆಂದರೆ ಇನ್ನೂ ಅರ್ಧ ಸುತ್ತು ಬಿಗಿದೆ. ಎದುರು ಹೋಟೆಲಿನಲ್ಲಿ ಇಡ್ಲಿಗಳು ತಟ್ಟೆ ಬಿಟ್ಟು ಎರಡು ಹೆಜ್ಜೆ ನಡೆದವು. ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊದಿದ ಸೀಟಿ ಅವನಿಗೇ ಕೇಳಲಿಲ್ಲ.

"ಕಿರುಚಾಕೆ ಏನೋ ಚೆನ್ನಾಗಿ ಕಿರುಚ್ತೈತೆ" ಎಂದರು ಮಾವ. "ಕುಯ್ಯಾಕೆ ಹೆಂಗೆ?"

"ಕಿರುಚಿದಷ್ಟೂ ಕುಯ್ತೈತೆ ಮಾವ. ಇದು ಸೈನ್ಸು, ನಿಮಗೆ ಗೊತ್ತಾಗಲ್ಲ ಬಿಡ್ರಿ."

ಕೈ ಪಳಗಲೆಂದು ಜಗಳೂರಿಗೆ ಹೋದೆವು. ಮಾವನ ಬೀಗರ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಜಾಲಿ ಬೆಳೆದು ನಿಂತಿತ್ತು. ಮಿಷನ್ನಿನ ಹಿಡಿಗಳು ಹೊಟ್ಟೆಯ ಮಟ್ಟದಲ್ಲೇ ಇರುವುದರಿಂದ ಮಾವನ ಭುಜಕ್ಕೆ ತೊಂದರೆ ಇರಲಿಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡಿ ಕೈಗೆ ಕೊಡುವುದು ನಾನು, ಕುಯ್ಯುವುದು ಅವರು. ಚೈನ್ ಓಡುವ ಪಟ್ಟಿಗೆ ಬಿಡುವ ಎಣ್ಣೆಯ ಡಬ್ಬಿ ಬಸ್ಸಿನ ಟಾಪಿನ ಮೇಲೆ ಉರುಳಿ ಖಾಲಿಯಾಗಿತ್ತು. ನನಗೇನು ಯೋಚನೆ? ಬೀಗರ ಮನೆಯಿಂದ ಶೇಂಗಾ ಎಣ್ಣೆ ತಂದು ಸುರಿದೆ. ಪಟ್ಟಿ ಬಿಸಿಯಾದಂತೆ ಹೊಲದ ತುಂಬಾ ಕರಿದ ವಾಸನೆ ಎದ್ದಿತು. ಕುರಿ ಕಾಯುತ್ತಿದ್ದವನೊಬ್ಬ ಓಡೋಡಿ ಬಂದು "ಏನ್ರೀ, ಇಲ್ಲಿ ಮೆಣಸಿನಕಾಯಿ ಬಜ್ಜಿ ಕರೀತಿದ್ದೀರಂತೆ?" ಎಂದು ಕೇಳಿದ. ಇಲ್ಲ ಎಂದರೂ ನಂಬದೆ ಅರ್ಧ ಗಂಟೆ ಬದುವಿನ ಮೇಲೆ ಕಾದು ಕೂತ.

ನಾಲ್ಕನೆಯ ಜಾಲಿಯ ನಡುವೆ ಸದ್ದು ಇನ್ನೂ ಸಣ್ಣಗಾಯಿತು, ಸೂಜಿಯಷ್ಟಾಯಿತು, ಗಕ್ಕನೆ ನಿಂತಿತು. ಹಗ್ಗ ಎಳೆದೆ. ಹಗ್ಗ ಬರಲಿಲ್ಲ, ಇಡೀ ಮಿಷನ್ನೇ ಮೇಲಕ್ಕೆ ಬಂತು.

ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಅದರ ಪಿಸ್ಟನ್ನಿಗೆ ತೇವ. ಸದ್ದಿನ ಚೆಂದಕ್ಕೆ ಪೆಟ್ರೋಲ್ ಕಡಿಮೆ ಮಾಡಿ ನಾನು ಆ ತೇವವನ್ನೂ ಕಿತ್ತುಕೊಂಡಿದ್ದೆ. ಒಣಗಿ ಕಾದು ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು. ಇದೆಲ್ಲ ಆ ಕ್ಷಣದಲ್ಲೇ ನನಗೆ ಹೊಳೆದಿತ್ತು.

"ಏನಾತೋ?"

"ಬಿಸಿ ಆಗೈತೆ ಮಾವ. ಸ್ವಲ್ಪ ತಣ್ಣಗಾಗ್ಲಿ."

ಮಾವ ನನ್ನನ್ನು ನೋಡಿದರು. ಬೀಗರ ಕೈಗರಗಸ ತಂದು, ಎಡಗೈಯಲ್ಲಿ ಹಿಡಿದು, ಅರ್ಧ ಕುಯ್ದಿದ್ದ ಜಾಲಿಗೆ ಇಟ್ಟರು. ನಾಲ್ಕೈದು ಸಲ ಎಳೆದರು. ಗರಗಸ ಗೆರೆ ಬಿಟ್ಟು ಪಕ್ಕಕ್ಕೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. "ಎಡಗೈಗೆ ಗೆರೆ ಗೊತ್ತಿಲ್ಲ" ಎಂದು ಅದನ್ನು ಬದುವಿಗೆ ಒರಗಿಸಿ ಕೂತರು.

ವಾಪಸ್ ಬರುವ ಬಸ್ಸಿನಲ್ಲಿ ಒಪ್ಪಿಕೊಂಡೆ. "ಮಾವ, ಬಿಸಿ ಗಿಸಿ ಸುಳ್ಳು. ಸ್ಕ್ರೂ ಬಿಗಿ ಮಾಡಿ ಕೆಡಿಸಿದ್ದು ನಾನೇ. ಸದ್ದು ಚೆನ್ನಾಗಿ ಬರ್ಲಿ ಅಂತ."

"ಗೊತ್ತು ಬಿಡು. ಮಿಷನ್ ತಂದುಕೊಟ್ರೆ ಹಾರ್ಮೋನಿ ಮಾಡಿಟ್ಟೆ." ಬೆರಳು ಮಡಚಿ ಲೆಕ್ಕ ಹಾಕಿದರು. "ಇನ್ನೂ ಮೂರು ದಿನ ಐತೆ. ಆಗ್ತೈತೋ ಇಲ್ಲೋ, ಅಷ್ಟು ಹೇಳು."

"ಆಗ್ತೈತೆ."

ಈ ಸಲ ಸುಳ್ಳಲ್ಲ. ಹೊಗಳಿಕೊಳ್ಳಬಾರದು, ಆದರೆ ಹೊಗಳಲು ಬೇರೆ ಯಾರೂ ಸಿಗುತ್ತಿಲ್ಲ: ಇಂಜಿನ್ ಬಿಚ್ಚುವುದರಲ್ಲಿ ನನ್ನ ಕೈ ಒಳ್ಳೆಯ ಕೈ. ಸಿಲಿಂಡರಿಗೆ ಮೆತ್ತಿಕೊಂಡಿದ್ದ ಅಲ್ಯೂಮಿನಿಯಂ ಅನ್ನು ನಯವಾದ ಉಪ್ಪುಕಾಗದದಿಂದ ಒಂದು ಹಗಲಿಡೀ ತಿಕ್ಕಿ ತೆಗೆದೆ. ಸಿಕ್ಕಿಕೊಂಡಿದ್ದ ರಿಂಗನ್ನು ಬಿಡಿಸಿದೆ. ಪಿಸ್ಟನ್ನಿಗೆ ಗೀರು ಬಿದ್ದಿತ್ತು, ಜೀವ ಇತ್ತು. ಸೈಲೆನ್ಸರಿನ ತೂತುಗಳನ್ನು ಬೆಸೆದು ಮುಚ್ಚಿ, ಸ್ಕ್ರೂವನ್ನು ಒಂದೂಕಾಲು ಸುತ್ತು ಸಡಿಲ ಮಾಡಿದೆ. ಹಗ್ಗ ಎಳೆದರೆ ಮಿಷನ್ನು ಕಿರುಚಲಿಲ್ಲ. ಉಂಡು ಎದ್ದ ಗಂಡಸಿನ ಹಾಗೆ ದಪ್ಪ ದನಿಯಲ್ಲಿ ಮಾತಾಡಿತು.

ಮಾವ ಬೇವಿನ ತುಂಡು ಕುಯ್ದು, ಕೆಳಗೆ ಬಿದ್ದ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಊದಿದರು. ಅದು ಹಾರಿಹೋಯಿತು.

"ಇದು ಹಿಟ್ಟು. ಹಲ್ಲು ಕಚ್ತಾ ಇಲ್ಲ, ಸವರ್ತಾ ಐತೆ. ನೀನು ಇಷ್ಟು ದಿನ ಹೊಟ್ಟೆ ರಿಪೇರಿ ಮಾಡ್ದೆ, ಹಲ್ಲು ನೋಡ್ದೇನೋ?"

ನೋಡಿರಲಿಲ್ಲ. ಸೈನ್ಸಿನಲ್ಲಿ ಹಲ್ಲು ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮಾವ ನೆಲದ ಮೇಲೆ ಕೂತು ಪಟ್ಟಿಯನ್ನು ಎರಡು ಪಾದಗಳ ನಡುವೆ ಬಿಗಿಹಿಡಿದರು. ಮೊಣಕೈಯನ್ನು ತೊಡೆಯ ಮೇಲೆ ಊರಿ ದುಂಡು ಅರ ಹಾಕತೊಡಗಿದರು. ಭುಜ ಏಳುವ ಅಗತ್ಯವೇ ಇರಲಿಲ್ಲ. ಹಲ್ಲಿಗೆ ಮೂರೇ ಎಳೆತ, ಒಂದೇ ಕೋನ, ಎಡದ ಹಲ್ಲಿಗೂ ಬಲದ ಹಲ್ಲಿಗೂ ಒಂದೇ ಲೆಕ್ಕ. ಪ್ರತಿ ಹಲ್ಲಿನ ಮುಂದೆ ಉಬ್ಬಿ ನಿಂತಿದ್ದ ಲೋಹದ ಪುಟ್ಟ ಗುಬ್ಬಿಯನ್ನೂ ಕೂದಲೆಳೆಯಷ್ಟು ತಗ್ಗಿಸಿದರು. ಆ ಗುಬ್ಬಿ ಎತ್ತರವಿದ್ದರೆ ಹಲ್ಲು ಮರ ಮುಟ್ಟುವುದಿಲ್ಲ, ಪೂರ್ತಿ ತೆಗೆದರೆ ಮಿಷನ್ನು ಎಗರಿ ಮುಖಕ್ಕೆ ಬರುತ್ತದೆ ಎಂದು ಅವರಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ನೋಡಿಯೇ ತಿಳಿದರು. ಮತ್ತೆ ಕುಯ್ದಾಗ ಅಂಗೈಗೆ ಬಂದದ್ದು ತೆಂಗಿನ ತುರಿಯಂಥ ಎಸಳು. ಊದಿದರೆ ಹಾರಲಿಲ್ಲ.

ಎಂಟನೆಯ ದಿನ ಹೊನ್ನಾಳಿ. ಸಾಹುಕಾರರು ಡಿಪೋದಲ್ಲಿದ್ದುದರಲ್ಲೇ ಗಟ್ಟಿಯಾದ ಒಂದು ಕರಿಜಾಲಿ ದಿಮ್ಮಿಯನ್ನು ಆರಿಸಿ ಇಡಿಸಿದ್ದರು. ನಾನು ಮಿಷನ್ನನ್ನು ನೆಲಕ್ಕಿಟ್ಟು, ಕಾಲಲ್ಲಿ ಒತ್ತಿ, ಹಗ್ಗಕ್ಕೆ ಕೈ ಹಾಕಿದೆ.

"ಏಯ್, ನೀನ್ಯಾರಯ್ಯಾ? ಕೆಲಸ ಕೇಳಿರೋದು ಅವ್ನು. ಅವ್ನೇ ಶುರು ಮಾಡ್ಲಿ" ಎಂದರು ಸಾಹುಕಾರರು.

ಚೈನ್ ನೋಡಿದ್ದೆವು, ಸ್ಕ್ರೂ ನೋಡಿದ್ದೆವು, ಪಿಸ್ಟನ್ನು, ಹಲ್ಲು, ಗುಬ್ಬಿ ಎಲ್ಲ ನೋಡಿದ್ದೆವು. ಹಗ್ಗವನ್ನು ಯಾರು ಎಳೆಯಬೇಕೆಂದು ಎಂಟು ದಿನದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಅದನ್ನು ಎಳೆಯಲು ಮೊಣಕೈ ಕಿವಿಯ ಮಟ್ಟಕ್ಕೆ ಏರಬೇಕು. ಏನಾದರೊಂದು ಸುಳ್ಳು ಹೊಸೆಯಲು ಬಾಯಿ ತೆರೆದೆ.

ಅಷ್ಟರಲ್ಲಿ ಮಾವನೇ ಮುಂದೆ ಬಂದರು. "ನನ್ನ ಭುಜ ಏಳಲ್ಲ ಸಾಹುಕಾರ್ರೇ, ಹಗ್ಗ ಎಳೆಯಾಕೆ ನನ್ನ ಕೈಲಿ ಆಗಲ್ಲ. ಆದ್ರೆ ಒಂದು ಮಾತು ಕೇಳ್ರಿ. ದಿಮ್ಮಿ ಕುಯ್ಯೋ ಗರಗಸ ಒಬ್ನೇ ಎಳೆದಿದ್ದು ಎಲ್ಲಾದ್ರೂ ನೋಡೀರಾ? ದಿಮ್ಮಿ ಮೇಲೆ ಒಬ್ಬ, ಕೆಳಗೆ ಒಬ್ಬ. ಮೇಲಿನೋನು ಗೆರೆ ಹಿಡೀತಾನೆ. ಕೆಳಗಿನೋನು ಎಳೀತಾನೆ, ಹೊಟ್ಟು ತಿಂತಾನೆ. ಪೆಟ್ರೋಲ್ ಕುಡಿದ್ರೂ ಇದು ಗರಗಸಾನೇ. ಇವ್ನು ನನ್ನ ಕೆಳಗಿನೋನು."

ಸಾಹುಕಾರರು ನನ್ನ ಕಡೆ ತಿರುಗಿದರು. "ತೋಪು ಮುಗಿಯೋಗಂಟ ಬರ್ತೀಯೇನೋ? ನಡುವೆ ಕೈ ಕೊಡಂಗಿಲ್ಲ."

ತೋಪು ಮುಗಿಯುವವರೆಗೆ ಅಂದರೆ ಬೇಸಿಗೆ ಪೂರ್ತಿ. ಅಂಗಡಿಗೆ ಬೀಗ. ತೂತು ಕೊರೆಸಲು ಬರುವ ಗಿರಾಕಿಗಳೆಲ್ಲ ಬೇರೆ ಕಡೆಗೆ. ಮಾವ ನನ್ನತ್ತ ನೋಡಲಿಲ್ಲ, ದಿಮ್ಮಿಯನ್ನೇ ನೋಡುತ್ತಿದ್ದರು.

"ಬರ್ತೀನ್ರೀ."

ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹತ್ತಿತು. ಮಾವ ಪಟ್ಟಿಯನ್ನು ಕರಿಜಾಲಿಗೆ ಇಟ್ಟರು, ಒತ್ತಲಿಲ್ಲ. ಅದು ತಾನಾಗಿಯೇ ಇಳಿಯಿತು. ಕೆಂಪು ಎಸಳುಗಳು ನನ್ನ ಎದೆಗೂ ಮುಖಕ್ಕೂ ಬಡಿದವು. ತುಂಡು ಬಿದ್ದ ಮೇಲೆ ಸಾಹುಕಾರರು ಕುಯ್ದ ಮುಖದ ಮೇಲೆ ಅಂಗೈ ಆಡಿಸಿದರು. ಎಲ್ಲೂ ಏರಿಲ್ಲ, ಇಳಿದಿಲ್ಲ.

"ಸೋಮವಾರ ನ್ಯಾಮತಿಗೆ ಬರ್ರಿ" ಎಂದರು. "ಇಬ್ರೂ."

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಮಾವ ಒಂದು ಕೆಂಪು ಟವೆಲ್ ಕೊಂಡರು. "ಕೆಳಗಿನೋನು ಬರಿ ತಲೇಲಿ ನಿಂತ್ರೆ ಹೊಟ್ಟು ಬಿದ್ದು ಸಂಜಿಗೆ ಕಣ್ಣೇ ಕಾಣ್ಸಲ್ಲ. ಮೊದಲ್ನೇ ಸಲ ಮೇಲಿನೋನೇ ಕಟ್ಟಬೇಕು" ಎಂದು ಅದನ್ನು ಬಿಡಿಸಿ ನನ್ನ ತಲೆಯತ್ತ ಕೈ ತಂದರು. ಕೈ ಎದೆಯ ಹತ್ತಿರವೇ ನಿಂತಿತು.

ನಾನು ಬಗ್ಗಿದೆ.

"ಇನ್ನೂ ಬಗ್ಗೋ" ಎಂದರು ಮಾವ. "ಏನು ಉದ್ದ ಬೆಳೆದಿದ್ದೀಯೋ, ಅಳಿಯ!"