ಕೈ ಮರೆತ ಓರೆ

ಕಾಲುವೆಯ ಮೇಲಿನ ಮಂಜಿಗೆ ಇನ್ನೂ ಏಳುವ ಮನಸ್ಸಿಲ್ಲ. ತೈನಾನ್‌ನ ಹಳೆಯ ಮೀನು ಮಾರುಕಟ್ಟೆಯ ದೀಪಗಳು ಅದರೊಳಗೆ ಅರೆನಿದ್ದೆಯಲ್ಲಿವೆ. ಹಿಂಬಾಗಿಲ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ತ್ಸಾಯ್ ಬೀಶಿಯಾ ಕೂತಿದ್ದಾರೆ. ಮುಂದೆ ನೆನೆದ ಮಸೆಗಲ್ಲು, ಪಕ್ಕದಲ್ಲಿ ನೀರಿನ ಬಕೆಟ್ಟು, ಅದರಾಚೆ ಸರದಿ ಕಾಯುತ್ತಿರುವ ಚಾಕುಗಳು. ಸರ್ರ್... ಸರ್ರ್... ಅಲಗು ಕಲ್ಲಿನ ಮೇಲೆ ಹೋಗಿ ಬರುವ ಸದ್ದು ಕೇಳುತ್ತ ನಿಂತರೆ, ಯಾರೋ ಕತ್ತಲನ್ನೇ ಮಸೆದು ತೆಳ್ಳಗೆ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಪ್ರತಿ ಚಾಕುವನ್ನೂ ಮಸೆಯುವ ಮುನ್ನ ಬೀಶಿಯಾ ಅದರ ಮೈಗೆ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದನ್ನು ಅಂಟಿಸುತ್ತಾರೆ. ಡಬ್ಬಿಯೊಳಗಿನ ಅಯಸ್ಕಾಂತ ಉಕ್ಕನ್ನು ಕಚ್ಚಿಕೊಳ್ಳುತ್ತದೆ, ಪುಟ್ಟ ಪರದೆಯಲ್ಲಿ ಅಂಕಿ ಮೂಡುತ್ತದೆ. ಅಲಗು ಕಲ್ಲಿನಿಂದ ಎಷ್ಟು ಓರೆಯಾಗಿ ಎದ್ದಿದೆ ಎಂದು ಹೇಳುವ ಡಿಜಿಟಲ್ ಗೇಜ್ ಅದು. ಮಂಜುಗಡ್ಡೆಯ ಗಾಡಿ ತಳ್ಳಿಕೊಂಡು ಹೋಗುವವನೊಬ್ಬ ನಿಂತು ಕೆಣಕುತ್ತಾನೆ.

"ಏನಕ್ಕಾ, ಚಾಕೂಗೂ ಜ್ವರ ಬಂತಾ?"

"ಹೂಂ ಕಣೋ. ನಿಂದಕ್ಕೆ ಮಾತ್ರ ಜ್ವರ ಅಲ್ಲ, ತುಕ್ಕು. ಯಜಮಾನನಿಂದ ಅಂಟಿದ್ದು."

ಈ ಮಾರುಕಟ್ಟೆ ಉಸಿರಾಡುವುದು ಹೂಮೀನಿನಿಂದ. ರುಚಿಗೇನೋ ಅದರ ಸಮ ಇಲ್ಲ, ಆದರೆ ಮೈತುಂಬ ಮುಳ್ಳು. ಬೆಳಗಿನ ಮೀನುಗಂಜಿಯ ಅಂಗಡಿಗಳು ಒಲೆ ಹೊತ್ತಿಸುವಷ್ಟರಲ್ಲಿ ಸಾಲಾಗಿ ಕೂತ ಹೆಂಗಸರು ರಾಶಿ ರಾಶಿ ಮೀನಿನ ಮುಳ್ಳು ಬಿಡಿಸಿ ಮುಗಿಸಬೇಕು. ಅವರ ಚಾಕು ಕಿರಿದು, ತೆಳು. ಮಸೆಯುವಾಗ ಓರೆ ಕಮ್ಮಿಯಾದರೆ ಅಂಚು ಮುಳ್ಳಿಗೆ ತಾಗಿ ಮಡಚಿಕೊಳ್ಳುತ್ತದೆ, ಹೆಚ್ಚಾದರೆ ಮಾಂಸ ಹಿಂಜಿಹೋಗುತ್ತದೆ. ಆ ಸಾಲಿನಲ್ಲಿ ಕೂತ ಎಲ್ಲರ ಚಾಕುಗಳೂ ಬೀಶಿಯಾ ಅವರ ಕಲ್ಲಿನ ಮೇಲೆ ಹಾದು ಹೋಗುತ್ತವೆ. ಗಂಜಿ ಕುಡಿಯುವ ಊರಿಗೆ ಮಾತ್ರ ಅವರ ಹೆಸರು ಗೊತ್ತಿಲ್ಲ.

ಮದುವೆಯಾಗಿ ಈ ಕೇರಿಗೆ ಬಂದಾಗ ಬೀಶಿಯಾಗೆ ಚಾಕು ಹಿಡಿಯಲೂ ಬರುತ್ತಿರಲಿಲ್ಲವಂತೆ. ಕಲಿಸಿದವರು ಅತ್ತೆ. "ಡಿಗ್ರಿ ಗಿಗ್ರಿ ಏನೂ ಹೇಳ್ಲಿಲ್ಲ ನಮ್ಮತ್ತೆ. ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಬಗ್ಗಿಸೋರು. ತಪ್ಪಿದ್ರೆ ಮೊಣಕೈಗೆ ಒಂದೇಟು. ಆಮೇಲೆ ಆಮೇಲೆ ಬೆರಳೇ ಹೇಳೋಕೆ ಶುರು ಮಾಡ್ತು, ಇಲ್ಲಿ ನಿಲ್ಲಿಸು ಅಂತ."

ಆ ಬೆರಳುಗಳೇ ಮಾತು ಬಿಟ್ಟವು. ಬೀಶಿಯಾ ಅವರ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಹನಿಹನಿಯಾಗಿ ಹರಿಸಿದ ಔಷಧ ಜೀವ ಉಳಿಸಿತು, ಬದಲಿಗೆ ಬೆರಳ ತುದಿಯ ಸ್ಪರ್ಶವನ್ನು ತೆಗೆದುಕೊಂಡು ಹೋಯಿತು. ಬಿಸಿ ತಂಪು ಗೊತ್ತಾಗದು, ಒರಟು ನುಣುಪು ಗೊತ್ತಾಗದು. "ಕೈಗವಸು ಹಾಕ್ಕೊಂಡೇ ಹುಟ್ಟಿದ ಹಾಗೆ ಇರುತ್ತೆ," ಎನ್ನುತ್ತಾರೆ ಅಂಗೈ ತಿರುಗಿಸಿ ನೋಡುತ್ತ. ಆದರೂ ಮನೆಯಲ್ಲಿ ಕೂರಲಾಗದೆ ಕಲ್ಲಿನ ಮುಂದೆ ಬಂದು ಕೂತರು.

ಮರಳಿ ಬಂದ ದಿನ ಮೊದಲು ಮಸೆದದ್ದು ಶೀ ಯೂಯೆಯ ಚಾಕು. ಯೂಯೆ ಸಾಲಿನಲ್ಲೇ ಚುರುಕಿನ ಹೆಂಗಸು, ಬೀಶಿಯಾಗೆ ತಂಗಿಯ ಹಾಗೆ. ಅಂಚು ಅಲ್ಲಲ್ಲಿ ಹರಿತ, ಅಲ್ಲಲ್ಲಿ ಮೊಂಡಾಗಿತ್ತು. ಚಾಕು ಮುಳ್ಳಿಗೆ ಸಿಕ್ಕಿ, ಜಾರಿ, ಯೂಯೆಯ ಹೆಬ್ಬೆರಳನ್ನೇ ಸೀಳಿತು. ಅವರು ಪಟ್ಟಿ ಸುತ್ತಿಕೊಂಡು, "ಮೀನಿನ ರೆಕ್ಕೆ ಚುಚ್ತು ಅಷ್ಟೆ," ಅಂದರು.

"ಸುಳ್ಳು ಹೇಳೋಕೂ ಬರಲ್ಲ ಅವಳಿಗೆ," ಬೀಶಿಯಾ ನಗಲು ನೋಡುತ್ತಾರೆ, ನಗು ಬರುವುದಿಲ್ಲ. "ರೆಕ್ಕೆ ಚುಚ್ಚಿದ್ರೆ ಅಷ್ಟು ನೆಟ್ಟಗೆ ಸೀಳುತ್ತಾ? ಅವತ್ತೇ ಕಲ್ಲು ಮಗುಚಿಟ್ಟೆ. ಇನ್ನೊಬ್ಬರ ಕೈ ಕೊಯ್ಯೋ ಕೆಲಸ ನನಗೆ ಬೇಡ ಅಂತ."

ಗೇಜಿನ ಮಾತು ತೆಗೆದವರು ಕಾಲುವೆ ಬದಿಯ ಹಾರ್ಡ್‌ವೇರ್ ಅಂಗಡಿಯ ಮುದುಕ ಕು. ಬೀಶಿಯಾ ಬರಿಗೈಯಲ್ಲಿ ಹೋಗಲಿಲ್ಲ. ಒದ್ದೆ ಟವೆಲಿನಲ್ಲಿ ಮಸೆಗಲ್ಲು ಸುತ್ತಿಕೊಂಡು, ಯೂಯೆಯ ಚಾಕುವನ್ನೂ ಇಸಿದುಕೊಂಡು ಹೋಗಿ ಅಂಗಡಿಯ ಮೇಜಿನ ಮೇಲೆ ಇಟ್ಟರು. ಸೀರೆ ಅಂಗಡಿಯಲ್ಲಿ ಮದುವೆ ಹೆಣ್ಣಿನ ತಾಯಿ ಕೂಡ ಅಷ್ಟು ಕಾಡಿರಲಾರಳು.

ಕು ತೋರಿಸಿದ ಮೊದಲ ಗೇಜ್ ಗಟ್ಟಿಮುಟ್ಟು, ಆದರೆ ಭಾರ. ಆ ತೆಳು ಚಾಕು ಅದರ ತೂಕಕ್ಕೆ ಒಂದು ಕಡೆ ವಾಲಿತು. ಎರಡನೆಯದು ಅಂಕಿಯನ್ನು ಫೋನಿಗೆ ಕಳಿಸುತ್ತದೆ. "ಎರಡು ಕೈಯೂ ನೀರಲ್ಲಿರುತ್ತೆ ಕು ಅಣ್ಣಾ, ಫೋನ್ ಹಿಡಿಯೋಕೆ ಮೂರನೇ ಕೈ ನೀನೇ ಕೊಡ್ತೀಯಾ?" ಮೂರನೆಯದು, ಚಾಕುವಿನ ಮಗ್ಗುಲು ಬದಲಿಸಿದ ಕೂಡಲೇ ಅಂಕಿಯನ್ನು ತಲೆಕೆಳಗೆ ತೋರಿಸಿತು. "ಇದನ್ನ ಓದೋಕೆ ನಾನೇನು ಬಾವಲೀನಾ?"

ಕೊನೆಗೆ ಒಪ್ಪಿದ್ದು ನಾಲ್ಕನೆಯದನ್ನು. ಹಗುರ, ಅಂಕಿ ತಾನಾಗಿಯೇ ನೆಟ್ಟಗಾಗುತ್ತದೆ, ಎಲ್ಲಿಟ್ಟು ಗುಂಡಿ ಒತ್ತಿದರೂ ಆ ಜಾಗವನ್ನೇ ಸೊನ್ನೆ ಎಂದುಕೊಂಡು ಅಲ್ಲಿಂದ ಓರೆ ಅಳೆಯುತ್ತದೆ. ಕು ಮೇಜಿನ ಮೇಲಿಟ್ಟು ಗುಂಡಿ ಒತ್ತಿ ತೋರಿಸಲು ಹೋದರೆ ಬೀಶಿಯಾ ತಡೆದರು. ಚಾಕು ನಡೆಯುವುದು ಕಲ್ಲಿನ ಮೇಲೆ, ಸೊನ್ನೆ ಹುಟ್ಟಬೇಕಾದದ್ದೂ ಅಲ್ಲೇ. ಕೈ ಆಡುತ್ತಿರುವಾಗ ಅಂಕಿ ಕುಣಿಯುತ್ತದೆ, ನಿಂತಾಗಷ್ಟೇ ನಂಬಬೇಕು ಎನ್ನುವುದೂ ಅಲ್ಲೇ ಗೊತ್ತಾಯಿತು. ನಿಂತು ನೋಡಿಕೊಂಡರೆ ಸಾಕಿತ್ತು. ಅವರ ಮಣಿಕಟ್ಟಿಗಿನ್ನೂ ಜೀವವಿತ್ತು, ಮುಂದಿನ ದಾರಿ ಅದಕ್ಕೆ ಗೊತ್ತಿತ್ತು.

ಆದರೆ ಗೇಜ್ ಓರೆಯನ್ನು ಅಳೆಯುತ್ತದೆಯೇ ಹೊರತು ಯಾವ ಓರೆ ಬೇಕೆಂದು ಹೇಳುವುದಿಲ್ಲ. ಕು ಹದಿನೈದು ಡಿಗ್ರಿ ಅಂದರು. ಹದಿನೈದಕ್ಕೆ ಮಸೆದ ಚಾಕುವಿನಿಂದ ಒಂದು ಮೀನು ಬಿಡಿಸಿ ನೋಡಿದ ಯೂಯೆ, "ಪರವಾಗಿಲ್ಲಕ್ಕಾ," ಅಂದರು.

"ಆ ‘ಪರವಾಗಿಲ್ಲ’ ಇದೆಯಲ್ಲ, ಬೈಗುಳಕ್ಕಿಂತ ಕಡೆ," ಎನ್ನುತ್ತಾರೆ ಬೀಶಿಯಾ. ಗೇಜನ್ನು ಅಂಗಡಿಗೆ ಹಿಂತಿರುಗಿಸುವುದೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಮಾರನೆಯ ನಸುಕಿನಲ್ಲಿ, ಇಂಥದೇ ಮಂಜಿನಲ್ಲಿ, ಯೂಯೆ ಒಂದು ಬಟ್ಟೆಯ ಗಂಟು ತಂದು ಅವರ ತೊಡೆಯ ಮೇಲಿಟ್ಟರು. ಒಳಗೆ ಇನ್ನೊಂದು ಚಾಕು. ಬೀಶಿಯಾ ಆಸ್ಪತ್ರೆ ಸೇರುವ ಮುಂಚೆ ಮಸೆದು ಕೊಟ್ಟದ್ದು. ಒಂದು ಮೀನನ್ನೂ ಮುಟ್ಟಿರಲಿಲ್ಲ.

"ಯಾಕೆ ಬಳಸ್ಲಿಲ್ವೇ?"

"ಬಳಸಿದ್ರೆ ಮೊಂಡಾಗುತ್ತೆ. ಬೇರೆಯವರ ಹತ್ರ ಮಸೆಸಿದ್ರೆ ನಿನ್ನ ಕೈ ಅಳಿಸಿ ಹೋಗುತ್ತೆ. ನೀನು ವಾಪಸ್ ಬರ್ತೀಯೋ ಇಲ್ವೋ ನನಗೇನು ಗೊತ್ತಿತ್ತು?"

ಮೀನಿನ ಪೆಟ್ಟಿಗೆಗೆ ಗುರುತು ಹಾಕುವ ಕೆಂಪು ಶಾಯಿಯನ್ನು ಬೀಶಿಯಾ ಆ ಅಂಚಿಗೆ ಬಳಿದರು. ಗೇಜ್ ಅಂಟಿಸಿ, ಚೂರುಚೂರೇ ಓರೆ ಬದಲಿಸುತ್ತ ಕಲ್ಲಿನ ಮೇಲೆ ಹಗುರಾಗಿ ಎಳೆದರು. ಓರೆ ಕಮ್ಮಿಯಾದರೆ ಶಾಯಿ ಅಂಚಿನ ತುದಿಯಲ್ಲಿ ಹಾಗೇ ಉಳಿಯುತ್ತಿತ್ತು, ಹೆಚ್ಚಾದರೆ ತುದಿಯಲ್ಲಿ ಮಾತ್ರ ಅಳಿಸುತ್ತಿತ್ತು. ಒಂದು ಕಡೆ ಬಂದಾಗ ಕೆಂಪೆಲ್ಲ ಒಮ್ಮೆಗೇ ಹೋಗಿ ಉಕ್ಕು ಬೆಳ್ಳಗೆ ಹೊಳೆಯಿತು. ಕೈ ನಿಲ್ಲಿಸಿ ಅಂಕಿ ನೋಡಿದರು. ಹದಿಮೂರೂವರೆಗೆ ಒಂಚೂರು ಕಮ್ಮಿ.

ಅದೇ ಅಂಕಿಗೆ ಕೆಲಸದ ಚಾಕುವನ್ನು ಮಸೆದರು. ಅಂಚಿನಲ್ಲಿ ಉಕ್ಕಿನ ಒರಟು ಎಳೆ ಉಳಿದಿದೆಯೇ ಎಂದು ಬೆರಳಿನ ಬದಲು ಹತ್ತಿ ಎಳೆದು ನೋಡಿದರು, ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಯೂಯೆ ಹೂಮೀನಿನ ಬೆನ್ನುಗುಂಟ ಚಾಕು ಇಳಿಸಿದರು. ಮುಳ್ಳಿನ ಸಾಲು ಮಾಂಸದಿಂದ ಸದ್ದಿಲ್ಲದೆ ಬಿಟ್ಟುಕೊಂಡು ಬಂತು. ಯೂಯೆ ತಲೆ ಎತ್ತದೆ, "ಹಾಂ, ಇದು ನೀನು," ಅಂದರು. ಬೀಶಿಯಾ ಬಕೆಟ್ಟಿಗೆ ಮುಖ ಬಗ್ಗಿಸಿ ಕಲ್ಲು ತೊಳೆಯತೊಡಗಿದರು. ಅತ್ತರೇ ಎಂದು ಕೇಳಿದರೆ ಈಗಲೂ ಒಪ್ಪುವುದಿಲ್ಲ.

ಮಂಜು ಕರಗಿದೆ, ಗಂಜಿ ಅಂಗಡಿಗಳಿಂದ ಶುಂಠಿಯ ಹಬೆ ಬರುತ್ತಿದೆ. ಬೆರಳಿನ ಸ್ಪರ್ಶ ಮರಳಿದರೂ ಮರಳಬಹುದು ಎಂದಿದ್ದಾರಂತೆ ಡಾಕ್ಟರು. ಬೀಶಿಯಾ ಅದಕ್ಕೆ ಕಾದು ಕೂತಿಲ್ಲ. ಅವರಿಗಿರುವ ಆಸೆ ಒಂದೇ, ಅದೂ ಈಡೇರುವ ಲಕ್ಷಣವಿಲ್ಲ.

"ಆ ಬಟ್ಟೆ ಸುತ್ತಿದ ಚಾಕು ನನಗೆ ಕೊಡೇ ಅಂತ ಕೇಳಿದೆ. ಕೊಡಲ್ಲ ಅಂದ್ಲು. ‘ನಿನಗೆ ಗೇಜ್ ಇದೆಯಲ್ಲಕ್ಕಾ. ಇದು ನನಗಿರ್ಲಿ’ ಅಂತಾಳೆ."