ಅಂಗಡಿಯ ಗೋಡೆಗೆ ತೂಗಿದ ದಾರಗಳು

ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ. ನನ್ನ ವರ್ಷದ ಹತ್ತಿಯನ್ನೆಲ್ಲ ಗದಗಿನ ದಲಾಲಿ ಅಂಗಡಿಯಲ್ಲಿ ಇಟ್ಟಿದ್ದೆ. ದರ ವಿಚಾರಿಸಲು ಹೋದಾಗ, ಗೋಡೆಗೆ ಸಾಲಾಗಿ ಮೊಳೆ ಹೊಡೆದು ದಾರ ಇಳಿಬಿಟ್ಟಿದ್ದರು.

“ಇದೇನ್ರಿ?” ಎಂದು ಗುಮಾಸ್ತ ಹುಸೇನಸಾಬರನ್ನು ಕೇಳಿದೆ.

“ದಿನಕ್ಕೊಂದು ದಾರ, ಗೌಡ್ರ. ಅವತ್ತು ದರ ಎಷ್ಟು ಜಿಗೀತೋ ಅಷ್ಟುದ್ದ. ಏರಿದ್ರೂ ಅಷ್ಟ, ಇಳದ್ರೂ ಅಷ್ಟ. ಗಿಡ್ಡ ದಾರ ಗುಂಪಾಗಿ ಬರತಾವು, ಉದ್ದ ದಾರಾನೂ ಗುಂಪಾಗೇ ಬರತಾವು. ಈ ವಾರ ಎಲ್ಲಾ ಉದ್ದ ಅದಾವು. ನಾಳಿನೂ ದೊಡ್ಡ ಜಿಗತಾನ ಇರಬೇಕು.”

“ಮ್ಯಾಲೋ, ಕೆಳಗೋ?”

“ಅದು ಅಲ್ಲಾಗ ಗೊತ್ತು. ಅರ್ಧ ಇವತ್ತ ಮಾರ್ರಿ, ಯಾವ ಕಡಿ ಜಿಗಿದ್ರೂ ಪೂರ್ತಿ ಮುಳುಗಂಗಿಲ್ಲ.”

ನನಗೆ ಸಿಟ್ಟು ಬಂತು. “ದೇವರ ಬಲಗಡಿಯಿಂದ ಹೂ ಬಿದ್ದೈತ್ರಿ. ಹತ್ತಿ ಇಟ್ಕೋ ಅಂತ ಅಪ್ಪಣಿ ಆಗೈತಿ.”

“ನಿಮ್ಮೂರ ಗುಡಿ ಅಯ್ಯನವರೂ ಹಂಗ ಅಂದ್ರು. ಮುಂಜಾನೆ ಈ ದಾರ ನೋಡಿ, ತಮ್ಮ ಸ್ವಂತ ಹತ್ತಿ ಅರ್ಧ ಮಾರಿ ಹೋದ್ರು.”

ಆ ಹೂವನ್ನು ಎತ್ತಿ ನನ್ನ ಕೈಗೆ ಕೊಟ್ಟವರೇ ಅವರು. ಗೋಡೆಯ ದಾರಗಳನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ನಾನೂ ಅರ್ಧ ಮಾರಿದೆ.

ಮರುದಿನ ದರ ಧಡಕ್ಕನೆ ಬಿದ್ದ ಖಬರ ಬಂದಾಗ ನೇರ ಗುಡಿಗೆ ಹೋದೆ. “ಅಲ್ರಿ ಅಯ್ಯನವರ, ದೇವರ ಅಪ್ಪಣಿ ಮೀರಿದ್ರಲ್ಲ!”

ಅವರು ಗಂಧ ತೇಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಿ ಮೀರೇನಪಾ? ಇಟ್ಕೋ ಅಂದಾನ. ಎಷ್ಟು ಇಟ್ಕೋ ಅಂತ ಹೇಳಿಲ್ಲಲ್ಲ.”