ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ

ರಾಯಚೂರಿನ ಬಿಸಿಲಿಗೆ ನನ್ನ ಮೇಜಿನ ಮೇಲಿನ ಮಸಿ ಬೇಗ ಗಟ್ಟಿಯಾಗುತ್ತದೆ. ಅದಕ್ಕೆ ಹನಿ ನೀರು ಬೆರೆಸುವಾಗಲೆಲ್ಲ, ಗೆಳೆಯರೇ, ನನಗೆ ನರಸಿಂಗರಾಯರು ನೆನಪಾಗುತ್ತಾರೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಇಲ್ಲಿನ ದವಾಖಾನೆಯಲ್ಲಿ ಡಾಕ್ಟರು, ಅವರು ಮಾನ್ವಿಯ ಶಾಲೆಯ ಮಾಸ್ತರರು. ಬಹುಕಾಲದ ಸಕ್ಕರೆ ಕಾಯಿಲೆ ಅವರ ಮೈಯ ಕಾವಲನ್ನೆಲ್ಲ ಸಡಿಲಿಸಿತ್ತು. ತಲೆನೋವೆಂದು ಬಂದವರಿಗೆ ನೋಡನೋಡುತ್ತಲೇ ಕತ್ತು ಬಿಗಿಯಿತು, ಕಣ್ಣು ಮಂಜಾಯಿತು.

ಮಿದುಳಿನ ಕ್ಷಯವೆಂದರು ಎಲ್ಲರೂ. ಮೊದಲಿಗೆ ನನಗೂ ಹಾಗೆಯೇ ತೋರಿತ್ತು. ಸುದ್ದಿ ಕೇಳಿದ್ದೇ ತಡ, ದೇವದುರ್ಗದಲ್ಲಿದ್ದ ಮಾಸ್ತರರ ಅಣ್ಣ ಬಂದು, ಅಂಟುರೋಗವೆಂದು ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ತನ್ನೂರಿಗೆ ಕರೆದೊಯ್ದ. ಮಾಸ್ತರರ ಹೆಂಡತಿ ಕೃಷ್ಣಾಬಾಯಿ ತಡೆಯಲಿಲ್ಲ. ಮಂಚದ ಪಕ್ಕ ಕೂತು ಸೆರಗಿನ ತುದಿಯನ್ನು ಹಿಂಡುತ್ತಿದ್ದರು, ಅಷ್ಟೆ.

ಆದರೆ ಕಫದಲ್ಲಾಗಲಿ ಎದೆಯಲ್ಲಾಗಲಿ ಕ್ಷಯದ ಕುರುಹೇ ಇರಲಿಲ್ಲ. ಸಮಾಧಾನವಾಗದೆ ನಾನು ಅವರ ಬೆನ್ನುಹುರಿಯ ನೀರು ತೆಗೆದು, ಹನಿಯೊಂದಕ್ಕೆ ಕಪ್ಪು ಮಸಿ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟೆ. ಆ ಕಪ್ಪಿನ ನಡುವೆ ಬೆಳಕಿನ ಬಳೆ ತೊಟ್ಟ ದುಂಡು ಕಣಗಳು, ಕೆಲವಕ್ಕೆ ಮೊಗ್ಗು. ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದ ಬೂಸರು ಅದು. ಅರೆಗಳಿಗೆ ಹಿಗ್ಗಿದೆ, ಮರುಗಳಿಗೆಗೆ ಆ ಪುಟದ ಕೊನೆಯ ಸಾಲು ನೆನಪಾಯಿತು.

“ಕ್ಷಯ ಅಲ್ರೀ. ಒಂದು ಥರಾ ಬೂಸರು ಮಿದುಳಿಗೆ ಹತ್ತ್ಯದ,” ಎಂದೆ ಕೃಷ್ಣಾಬಾಯಿಗೆ.

“ಹಂಗಾರ ಔಷಧ ಕೊಡ್ರಿ.”

“ಇದಕ್ಕ ಔಷಧ ಇನ್ನೂ ಯಾರೂ ಕಂಡುಹಿಡಿದಿಲ್ರಿ.”

ಅವರು ಗಂಡನ ಹೊದಿಕೆ ಸರಿಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಮಕ್ಕಳಿಗೆ ಹತ್ತತದೇನ್ರೀ?”

“ಇಲ್ರೀ, ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ.”

“ಹಂಗಾರ ಕರಸ್ತೀನಿ.”

ಮಕ್ಕಳು ಬಂದರು. ಅಷ್ಟರಲ್ಲಿ ಮಾಸ್ತರರ ದೃಷ್ಟಿ ಪೂರ್ತಿ ಹೋಗಿತ್ತು. ಅಂಗೈಯಿಂದ ಇಬ್ಬರ ಮುಖವನ್ನೂ ಸವರಿ, “ಸಣ್ಣಾಕಿ ಹಲ್ಲು ಬಿದ್ದಾವಲ್ಲ,” ಎಂದು ನಕ್ಕರು. ಕೊನೆಯವರೆಗೂ ಆ ಮಕ್ಕಳು ಮಂಚ ಬಿಟ್ಟು ಕದಲಲಿಲ್ಲ.

ರೋಗದ ಹೆಸರು ಮುಂದೆ ಓಡುತ್ತದೆ, ಮದ್ದು ಹಿಂದೆ ಕುಂಟುತ್ತ ಬರುತ್ತದೆ. ಆ ಎರಡರ ನಡುವಣ ಹಾದಿಯಲ್ಲಿ ಎಷ್ಟು ಒಳ್ಳೆಯ ಜನ ಕೂತಲ್ಲೇ ಕೂತುಬಿಟ್ಟರೋ. ಎಷ್ಟೋ ವರ್ಷಗಳ ಮೇಲೆ ಮದ್ದು ಬಂತು. ಪೋತ್ನಾಳದ ರೈತನೊಬ್ಬ ಅದೇ ರೋಗದಿಂದ ಎದ್ದು ತನ್ನ ಕಾಲ ಮೇಲೆ ಮನೆಗೆ ಹೋದ. ಹೇಳಬೇಕೋ ಬೇಡವೋ ತಿಳಿಯದೆಯೇ ಮಾನ್ವಿಗೆ ಹೋಗಿ ಕೃಷ್ಣಾಬಾಯಿಗೆ ಹೇಳಿದೆ.

“ಈಗ ಓಡ್ಯಾಡಾಕತ್ತಾನೇನ್ರೀ?”

“ಹೌದ್ರೀ.”

“ಮಕ್ಕಳದಾವೇನು ಅವಗ?”

“ಅದಾವ್ರೀ.”

“ಚಲೋ ಆತು,” ಎಂದು ಅವರು ಚಹಾಕ್ಕಿಡಲು ಎದ್ದರು. ನೀರು ಕುದಿದು ಉಕ್ಕಿದರೂ ನನ್ನತ್ತ ತಿರುಗಲಿಲ್ಲ.